ಬದುವಿಗೆ ಬಳಿದ ಹೊಲಸು

"ಥೂ! ಏನದು ಹೊಲಸು?"

ಕಾಶಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಚೀರಿದಳು. ಬೇಟೆಕಾಡಿನ ಕಾವಲುಗಾರ ರೇವಪ್ಪ ಅವಳ ಜೋಳದ ಹೊಲದ ಬದುವಿನ ಮೇಲೆ ಕೂತಿದ್ದ. ಮಡಕೆಯೊಳಗೆ ಮೊಣಕೈತನಕ ಕೈ ಅದ್ದಿ ಊರಹಂದಿಯ ಹೊಲಸು ತೆಗೆದು ಬದುವಿಗೆ ಬಳಿಯುತ್ತಿದ್ದ!

ನಾಳೆ ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ. ಬಜ್ಜಿ-ರೊಟ್ಟಿಯ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸೋ ಜಾಗಕ್ಕೆ ಹಂದಿ ಹೊಲಸು!

"ಕಾಶಮ್ಮ, ಸಿಟ್ಟಾಗಬ್ಯಾಡ... ನಾ ಹೇಳೋದು ಕೇಳು..."

"ಬಾಯಿ ಮುಚ್ಚು! ನಮ್ಮ ಹೊಲ ಕಾಡಿಗಿ ಸೇರಿಸ್ತೀವಂತ ಹೆದರ್ಸೋದು ಸಾಲಲಿಲ್ಲೇನು? ಈಗ ಮೈಲಿಗಿನೂ ಮಾಡ್ಲಿಕತ್ತಿ!"

ಮಡಕೆ ಒದ್ದೇಬಿಟ್ಟಳು. ಅವನ ಖಾಕಿ ಅಂಗಿಯ ತುಂಬ ಹೊಲಸು ಸಿಡಿಯಿತು. ರೇವಪ್ಪ ಉರುಳಿದ ಮಡಕೆ ಎತ್ತಿಕೊಂಡು ಎದ್ದುಹೋದ.

ಚಿಂಚೋಳಿ ಕಡೆಯ ಆ ಹೊಲ ನಿಜಾಮ ಸರ್ಕಾರದ ಬೇಟೆಕಾಡಿಗೆ ಅಂಟಿಕೊಂಡಿತ್ತು. ಹುಜೂರರ ಬೇಟೆಗೆಂದು ಬಿಟ್ಟ ಕಾಡುಹಂದಿ ಬೆಳೆ ಮೇಯ್ದರೂ ಕಲ್ಲು ಎಸೆಯುವಂತಿಲ್ಲ, ಡಬ್ಬಿ ಬಡಿಯುವಂತಿಲ್ಲ! ಈ ಸಲವೂ ಬೆಳೆ ನಿಲ್ಲದಿದ್ದರೆ ಪಾಳು ಅಂತ ಹೇಳಿ ಹೊಲವನ್ನು ಕಾಡಿಗೆ ಸೇರಿಸಿಬಿಡುತ್ತಿದ್ದರು. ಅವಳ ಅಪ್ಪ ಸೂಗಪ್ಪನಿಗೆ ಇದ್ದದ್ದು ಅದೊಂದೇ ತುಂಡು.

ಕಾಶಮ್ಮ ವಾಕರಿಸುತ್ತಲೇ ನೀರು ಹೊತ್ತು ತಂದು ಮೂಡಣ ಬದು ತೊಳೆದಳು. ಉಳಿದದ್ದು ತೊಳೆಯುವ ಮೊದಲೇ ಹೊತ್ತು ಮುಳುಗಿತು.

ಬೆಳಿಗ್ಗೆ ಚರಗದ ಬುಟ್ಟಿ ಹೊತ್ತು ಬಂದವಳು ಬುಟ್ಟಿ ಇಳಿಸಿ ಬದುವಿಗೆ ಓಡಿದಳು. ತೊಳೆದ ಬದು ದಾಟಿ ನುಗ್ಗಿದ ಹಂದಿಗಳು ಆ ಮಗ್ಗುಲಿನ ಜೋಳವನ್ನೆಲ್ಲ ತುಳಿದು ಹಾಕಿದ್ದವು. ಹೊಲಸು ಬಳಿದಿದ್ದ ಕಡೆ ಮಾತ್ರ ಗೊರಸಿನ ಗುರುತು ಬದುವಿನತನಕ ಬಂದು ಹಿಂದಕ್ಕೆ ತಿರುಗಿತ್ತು.

'ಅಯ್ಯೋ, ನನ್ನ ಕೈಗಿ ಬೆಂಕಿ ಬೀಳ! ಅವ ನಮ್ಮ ಬೆಳಿ ಕಾಯ್ಲಿಕತ್ತಿದ್ದ...'

ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬೇಟೆಕಾಡಿನ ಕಾವಲು ಚೌಕಿಗೆ ಓಡಿದಳು. ರೇವಪ್ಪ ಇನ್ನೂ ಅಂಗಿ ಒಗೆಯುತ್ತಿದ್ದ.

"ಯಾಕ ಹೇಳಲಿಲ್ರಿ?"

"ನೀ ಎಲ್ಲಿ ಬಿಟ್ಟಿ? ಊರಹಂದಿ ನಾತಕ್ಕ ಕಾಡಹಂದಿ ಹತ್ರ ಬರಂಗಿಲ್ಲ. ಹಂದಿ ಹೊಡೀಬಾರದು ಅಂತ ಕಾಯಿದಾ ಅದ. ನಾರಬಾರದು ಅಂತ ಇಲ್ಲಲ್ಲ!"

"ಗೊತ್ತಾದ್ರ ನಿಮ್ಮ ನೌಕರಿ?"

"ಹೋಗ್ತದ..." ಅವನು ತಲೆ ತಗ್ಗಿಸಿದ. "ರಾತ್ರಿ ಹೊಲ ಕಾಯೋ ಅಟ್ಟದ ಮ್ಯಾಲ ನೀ ಕುಂತು ಅಳೋದು ಕೇಳಿದ್ದೆ. ತಡಕೊಳ್ಳಲಿಕ್ಕ ಆಗಲಿಲ್ಲ."

ಆ ಸಂಜೆ ರೇವಪ್ಪ ತಂದ ಮಡಕೆಗೆ ಕಾಶಮ್ಮ ತಾನೇ ಕೈ ಹಾಕಿದಳು. ವಾಕರಿಕೆ ಬಂತು, ಕಣ್ಣಲ್ಲಿ ನೀರೂ ಬಂತು. ಆದರೂ ಬದು ಪೂರ್ತಿ ಬಳಿದೇ ಎದ್ದಳು.

ಸುಗ್ಗಿಗೆ ಮುಂಚೆ ಸರ್ಕಾರಿ ಅಮೀನ ಹೊಲ ನೋಡಲು ಬಂದ. "ಛೀ ಛೀ!" ಅಂತ ಮೂಗು ಮುಚ್ಚಿಕೊಂಡೇ ಬದುವಿನಾಚೆ ಇಣುಕಿದ. ಬಿಳಿಜೋಳ ತೆನೆ ತೂಗುತ್ತಿತ್ತು.

"ಬೆಳಿ ಅದ. ಹೊಲ ಸೂಗಪ್ಪಂದೇ ಇರ್ಲಿ," ಅಂದವನೇ ಕುದುರೆ ತಿರುಗಿಸಿದ.

ಕಾಶಮ್ಮ ಅತ್ತಳು, ನಕ್ಕಳು.

"ಅಪ್ಪನ್ನ ಕೇಳಲಿಕ್ಕ ಬರ್ರಿ," ಅಂದಳು ಪಕ್ಕದಲ್ಲಿ ನಿಂತ ರೇವಪ್ಪನಿಗೆ ಮೆಲ್ಲಗೆ.

"ಈ ನಾತದ ಕೈಗಿ ಹೆಣ್ಣು ಕೊಡ್ತಾರೇನು?"

ಅವಳು ಅವನ ಕೈ ಹಿಡಿದು ಮೂಸಿದಳು. "ಥೂ!" ಅಂದಳು. ಆದರೆ ಕೈ ಬಿಡಲಿಲ್ಲ.

"ನಂದೂ ಹಂಗೇ ನಾರ್ತದ. ನಿಮ್ಮನ್ನ ಬಿಟ್ರ ಇದನ್ನ ಯಾರು ಹಿಡೀತಾರ?"