ಆಗಬೋಟಿಗೆ ಮುಂಗಡ

"ಈಗ ಕೊಡಬ್ಯಾಡ್ರಿ, ಬಾಯಾರ."

ಮೇಜಿನ ಮೇಲೆ ಇಟ್ಟ ನೋಟುಗಳನ್ನು ಆ ಮನುಷ್ಯ ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದ!

ಕಸ್ತೂರಬಾಯಿ ತಲೆಯೆತ್ತಿ ಅವನನ್ನು ದಿಟ್ಟಿಸಿದಳು. ಸೊಲ್ಲಾಪುರ ಸ್ಟೇಷನ್ನಿನ ಎದುರಿನ ಈ ಪುಟ್ಟ ಕಚೇರಿಗೆ ಕಾಲಿಡಲು ಅವಳು ಮೂರು ದಿನ ಧೈರ್ಯ ಕೂಡಿಸಿದ್ದಳು. ಗೋಡೆಯ ಮೇಲೆ ಹೊಗೆಯುಗುಳುವ ಆಗಬೋಟಿನ ದೊಡ್ಡ ಚಿತ್ರ. ಅದರ ಕೆಳಗೆ ದಪ್ಪಕ್ಷರ: ‘ರತ್ನಸಾಗರ ಕಂಪನಿ. ದೀಪಾವಳಿ ರಜೆಯಲ್ಲಿ ಮುಂಬಯಿಯಿಂದ ಗೋವೆಗೆ ಹೋಗಿಬರುವ ಎಂಟು ದಿನದ ಸಮುದ್ರವಿಹಾರ. ೧೯೩೪ರ ಮೇ ಹದಿನೈದರೊಳಗೆ ಪೂರ್ತಿ ಹಣ ಕೊಟ್ಟರೆ ನಲವತ್ತೈದು ರೂಪಾಯಿ. ಆಮೇಲೆ ಅರವತ್ತು.’

ಇವತ್ತು ಹದಿನಾಲ್ಕು.

"ಯಾಕ ಕೊಡಬಾರದು?"

"ದೀಪಾವಳಿಗೆ ಇನ್ನಾ ಆರು ತಿಂಗಳದ. ಮೊದಲ ಕೊಟ್ಟ ರೊಕ್ಕ ಕಂಪನಿ ತಿರುಗಿ ಕೊಡೂದಿಲ್ರಿ, ಒಂದು ಪೈನೂ ಇಲ್ಲ. ಮನ್ಯಾಗ ಕೇಳೀರೇನು?"

"ಗಂಡಸರು ಬಂದರ ಅವರಿಗೂ ಹಿಂಗಽ ಕೇಳತೀರೇನು?"

ಅವನು ತಡವರಿಸಿದ. "ಹಂಗಲ್ರಿ... ಅವಸರ ಯಾಕ ಅಂತ. ದಸರಾ ಮುಗೀಲಿ, ನೋಡೂಣು..."

ನೋಡೂಣು!

ಪಾಪ, ಅವನಿಗೇನು ಗೊತ್ತು? ಆ ಮಾತನ್ನು ಸೊಲ್ಲಾಪುರದಲ್ಲಿ ಇನ್ನಾವ ಹೆಣ್ಣಿಗೆ ಹೇಳಿದ್ದರೂ ಅವನು ಪಾರಾಗುತ್ತಿದ್ದ.

ಮಂಗಳವಾರ ಪೇಠೆಯ ನೂಲಿನ ವ್ಯಾಪಾರಿ ನಾಗಪ್ಪನ ಮನೆಯಲ್ಲಿ ಯಾರೂ ಯಾವತ್ತೂ ‘ಇಲ್ಲ’ ಎಂದವರಲ್ಲ. ‘ನೋಡೂಣು’ ಎನ್ನುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಹದಿನಾಲ್ಕನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ತಂಗಿ ಕಸ್ತೂರಾ ಓದುತ್ತೇನೆಂದಾಗ ಅಣ್ಣ ‘ನೋಡೂಣು’ ಎಂದ. ಅವಳು ಹಟ ಹಿಡಿದು ಓದಿ, ಕನ್ನಡ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾದಳು. ಗಂಡ ಸತ್ತವಳು ಮತ್ತೆ ಮದುವೆಯಾಗುವ ‘ಉಡಿಕಿ’ ಅವರ ಮತದಲ್ಲಿ ನಡೆಯುತ್ತಿತ್ತು. ಅದಕ್ಕೂ ಮನೆಯಲ್ಲಿ ಹತ್ತು ವರ್ಷದಿಂದ ‘ನೋಡೂಣು’. ನೋಡುತ್ತ ನೋಡುತ್ತ ಅವಳಿಗೆ ಇಪ್ಪತ್ತನಾಲ್ಕಾಯಿತು.

ಹೋದ ತಿಂಗಳು ಭೂಗೋಳದ ಪಾಠದಲ್ಲಿ ಅವಳು ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಸಮುದ್ರ ತುಂಬುತ್ತಿದ್ದಾಗ ಒಬ್ಬ ಹುಡುಗಿ ಕೇಳಿಬಿಟ್ಟಳು: "ಬಾಯಿ, ನೀವು ಸಮುದ್ರ ನೋಡೀರೇನು?"

ಕಸ್ತೂರಬಾಯಿ "ಹೂಂ, ನೋಡೀನಿ" ಎಂದಳು.

ಸುಳ್ಳು! ಐದು ವರ್ಷ ಅದೇ ನೀಲಿ ತುಂಬಿದವಳು ಸಿದ್ಧೇಶ್ವರ ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ಆ ಸುಳ್ಳನ್ನು ನಿಜ ಮಾಡಲೆಂದೇ ಅವಳು ಇಲ್ಲಿಗೆ ಬಂದಿದ್ದಳು.

"ಇಲ್ಲಿ ಕೇಳ್ರಿ," ಎಂದಳು ನೋಟುಗಳನ್ನು ಮತ್ತೆ ಮುಂದಕ್ಕೆ ತಳ್ಳಿ. "ತಿರುಗಿ ಸಿಗೂದಿಲ್ಲ ಅಂತನಽ ಈಗ ಕೊಡಾಕತ್ತೀನಿ. ಕೈಯಾಗ ಇದ್ದರ ನಾಳೆ ಯಾರರೆ ‘ನೋಡೂಣು’ ಅಂತಾರ, ನಾನೂ ಹೆದರತೀನಿ. ಎಣ್ಣಿ ಬಂದಾಗ ಕಣ್ಣ ಮುಚ್ಚಿಕೊಳ್ಳಾಕಿ ಅಲ್ಲ ನಾ. ಬರೀರಿ! ಕಸ್ತೂರಬಾಯಿ. ಒಬ್ಬಾಕಿ."

ಅವನು ಬರೆದ. ಅಂದವಾದ ದುಂಡಕ್ಷರ. ಕೆಳಗೆ ಸಹಿ: ಸಾಯಬಣ್ಣ, ಏಜೆಂಟ್.

‘ಸೊಕ್ಕಿನವ!’ ಎಂದುಕೊಳ್ಳುತ್ತ ಅವಳು ಪಾವತಿ ಚೀಟಿ ಹಿಡಿದು ಹೊರಟಳು.

ಅವಳು ಬಿಸಿಲಿನಲ್ಲಿ ಮರೆಯಾಗುವವರೆಗೆ ಸಾಯಬಣ್ಣ ಬಾಗಿಲಲ್ಲೇ ನಿಂತಿದ್ದ. ಹೆಂಗಸರು ಕೂಡಿಸಿಟ್ಟ ಹಣ ಕಟ್ಟುವುದು, ಮನೆಯ ಗಂಡಸರು ಬಂದು ತಡೆಯುವುದು, ಹಣ ಮುಳುಗುವುದು... ಅವನು ಬಹಳ ಸಲ ಕಂಡಿದ್ದ. ಅದಕ್ಕೇ ಬೇಡವೆಂದಿದ್ದ. ಆದರೆ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ‘ಒಬ್ಬಾಕಿ’ ಎಂದವಳನ್ನು ಅವನು ಕಂಡಿರಲಿಲ್ಲ.

---

ಅಂದು ಸಂಜೆ ಅವಳು ಪಾವತಿಯನ್ನು ಅಣ್ಣನ ಊಟದ ತಾಟಿನ ಪಕ್ಕದಲ್ಲಿಟ್ಟಳು.

ನಾಗಪ್ಪ ಓದಿದ. ಎರಡು ಸಲ ಓದಿದ. ಅತ್ತಿಗೆ ಸುಮಿತ್ರಾಬಾಯಿ ಕೈಯಲ್ಲಿ ರೊಟ್ಟಿ ಹಿಡಿದು ನಿಂತೇ ಇದ್ದಳು.

"ಜನ ಏನಂದಾರು, ತಂಗಿ? ಒಬ್ಬಾಕಿನಽ ಆಗಬೋಟಿನ್ಯಾಗ... ಇರಲಿ, ನೋಡೂಣು."

"ನೋಡೂದು ಮುಗದದ ಅಣ್ಣಾ. ಪೂರ್ತಿ ಕೊಟ್ಟೀನಿ. ನನ್ನ ಪಗಾರದ ರೊಕ್ಕ."

ನಾಗಪ್ಪ ತಾಟು ಸರಿಸಿ ಎದ್ದ. ಮರುದಿನ ಪಟಕಾ ಸುತ್ತಿಕೊಂಡು ಸ್ಟೇಷನ್ನಿನ ಕಡೆ ಹೋದ. ತಿರುಗಿ ಬಂದಾಗ ಮುಖ ಗಂಟುಹಾಕಿಕೊಂಡಿತ್ತು. ಏನಾಯಿತೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು!

ಆದರೆ ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಅವಳ ಕಾಲು ಸ್ಟೇಷನ್ನಿನ ಕಡೆ ಹೊರಳತೊಡಗಿತು. ಕಾರಣಗಳಿಗೆ ಬರವೇ?

"ಬೋಟಿನ್ಯಾಗ ನಮ್ಮ ಮಂದಿಗೆ ಅಡಗಿ ಬ್ಯಾರೆ ಮಾಡತಾರೇನು?"

"ಮಾಡತಾರಂತ್ರಿ."

"‘ಅಂತ’ ಅಂದ್ರ? ನಾ ಕಡಕ್ ರೊಟ್ಟಿ ಕಟಗೊಂಡಽ ಹೋಗಾಕಿ. ಸಮುದ್ರದ ಹವಾಕ್ಕ ರೊಟ್ಟಿ ಮೆತ್ತಗಾಗತಾವೇನು?"

ಸಾಯಬಣ್ಣ ಗಂಭೀರವಾಗಿ ಯೋಚಿಸಿ, ಮುಂಬಯಿಯ ಕಂಪನಿಗೆ ಪತ್ರ ಬರೆದು ಕೇಳಿಯೇಬಿಟ್ಟ! ಹದಿನೈದು ದಿನಕ್ಕೆ ಉತ್ತರ ಬಂತು: ‘ಕಡಕ್ ರೊಟ್ಟಿ ಎಂದರೇನು? ಕೂಡಲೇ ತಿಳಿಸತಕ್ಕದ್ದು.’

ಅಂದು ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹಾಗೆ ನಗದೆ ಎಷ್ಟು ವರ್ಷವಾಗಿತ್ತೋ...

ಇನ್ನೊಂದು ಶನಿವಾರ, ಹೊರಗೆ ಮಳೆ ಹನಿಯುತ್ತಿತ್ತು. "ಸಮುದ್ರ ಹ್ಯಾಂಗಿರತದ, ಹೇಳ್ರಿ," ಎಂದಳು.

ಗಿರಾಕಿಗಳಿಗೆ ಹೇಳುವ ಪಾಠ ಅವನಿಗೆ ಬಾಯಿಪಾಠ. "ಮನಿ ಎತ್ತರದ ತೆರಿ... ಬೆಳ್ಳಿ ಕರಗಿಸಿ ಹೊಯ್ದಂಗ ನೀರು..." ಎಂದು ಶುರುಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿಬಿಟ್ಟ.

"ಸುಳ್ಳರಿ. ನಾ ನೋಡಿಲ್ಲ. ನಮ್ಮ ಕುರನೂರಾಗ ಬೋರಿ ಹೊಳಿಗೆ ಮಹಾಪೂರ ಬಂದದ್ದು ನೋಡೀನಿ, ಅಷ್ಟಽ. ಕಂಪನಿ ಕೆಲಸಕ್ಕ ಎಷ್ಟ ಸಲ ಮುಂಬಯಿಗೆ ಹೋದರೂ ಆಫೀಸಿಗೆ ಹೋಗೂದು, ಗಾಡಿ ಹತ್ತೂದು. ಒಬ್ಬನಽ ಹೋಗಿ ಏನ ನೋಡೂದು ಅಂತ..."

ಅವಳು ಗೋಡೆಯ ಆಗಬೋಟಿನ ಕಡೆ ನೋಡಿದಳು.

"ನಾನೂ ಹುಡುಗೂರಿಗೆ ಸುಳ್ಳ ಹೇಳೀನಿ," ಎಂದಳು ಮೆಲ್ಲಗೆ.

ಇಬ್ಬರೂ ಸಮುದ್ರದ ಕಳ್ಳರು! ಆ ಮಳೆ ನಿಲ್ಲಬಾರದೆಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

---

ಅಕ್ಟೋಬರ್ ಕೊನೆಯಲ್ಲಿ ಕಚೇರಿಯ ಬಾಗಿಲಿಗೆ ಪ್ರಯಾಣಿಕರ ಪಟ್ಟಿ ಅಂಟಿಸಿದರು. ಆಗಬೋಟು ಹೊರಡಲು ಹತ್ತೇ ದಿನ.

ಅವಳು ಮೇಲಿನಿಂದ ಕೆಳಗೆ ಓದಿದಳು. ಕೆಳಗಿನಿಂದ ಮೇಲೆ ಓದಿದಳು.

ಅವಳ ಹೆಸರಿರಲಿಲ್ಲ!

ಒಳಗೆ ಸಾಯಬಣ್ಣನೂ ಇರಲಿಲ್ಲ. ಬಾಗಿಲಿಗೆ ಬೀಗ. "ಎಲ್ಲೆ ಹೋಗ್ಯಾರೋ ಗೊತ್ತಿಲ್ರಿ. ಮುಂಬಯಿಯಿಂದ ಬಂದ ಪಟ್ಟಿ ಅಂಟಿಸಿ ಹೋದವರು ಬುಧವಾರದಿಂದ ಬಂದಿಲ್ಲ," ಎಂದ ಪಕ್ಕದ ಚಹಾ ಅಂಗಡಿಯ ಭೀಮಣ್ಣ.

ಮನೆಗೆ ಬಂದು ಅಣ್ಣನ ಎದುರು ನಿಂತಳು. "ನನ್ನ ಹೆಸರ ತೆಗಿಸೀಯೇನು, ಅಣ್ಣಾ?"

"ನಾ ಏನೂ ತೆಗಿಸಿಲ್ಲ," ಎಂದ ನಾಗಪ್ಪ, ಕಣ್ಣು ತಪ್ಪಿಸಿ. "ಸಹಿ ಬೇಕಂತ ಆ ಏಜೆಂಟ ಒಂದ ಕಾಗದ ತಂದಿದ್ದ. ನೋಡೂಣು ಅಂದೆ. ಅಷ್ಟಽ."

ಅಷ್ಟೇ! ಅಂದರೆ ಇಬ್ಬರು ಗಂಡಸರು ಅವಳ ಬೆನ್ನ ಹಿಂದೆ ಕೂತು ಅವಳ ಸಮುದ್ರದ ಮಾತಾಡಿದ್ದಾರೆ. ಅವನಾದರೂ ಒಂದು ಮಾತು ಹೇಳಬಹುದಿತ್ತಲ್ಲ... ಅಷ್ಟು ಶನಿವಾರ ಎದುರು ಕೂತು ನಕ್ಕವನು! ಅಣ್ಣನ ಮೇಲಿನ ಸಿಟ್ಟು ಹಳೆಯದು, ರೂಢಿಯಾಗಿತ್ತು. ಇದು ಹೊಸದು. ಇದು ಸುಡುತ್ತಿತ್ತು.

ಶನಿವಾರ ಅವಳು ಅಕ್ಕಲಕೋಟದ ಸೋದರತ್ತೆಯ ಮನೆಗೆ ರೈಲು ಹತ್ತಿದಳು. ಹೋಟಗಿಯಲ್ಲಿ ಗಾಡಿ ನಿಂತಾಗ ಪಾವತಿಯನ್ನು ತೆಗೆದು ಕಿಟಕಿಯಿಂದ ಎಸೆಯಲು ಕೈಯೆತ್ತಿದಳು.

ಎಸೆಯಲಿಲ್ಲ.

‘ಯಾಕ ಎಸೀಲಿ? ರೊಕ್ಕ ಕೊಟ್ಟಾಕಿ ನಾನು! ಮುಂಬಯಿಗೆ ನಾನಽ ಹೋಗತೀನಿ. ಆಗಬೋಟಿನ ಮುಂದ ನಿಂತು ಕೇಳತೀನಿ. ಯಾರು ಇಳಸ್ತಾರ ನೋಡತೀನಿ!’

ಅತ್ತೆ ಗುರುಲಿಂಗಮ್ಮ ಎಲ್ಲವನ್ನೂ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು: "ಸಮುದ್ರ ನೋಡಿ ಏನ ಮಾಡತೀಯವ್ವಾ? ಕುಡ್ಯಾಕ ಬರೂದಿಲ್ಲ, ಅರಿವಿ ಒಗ್ಯಾಕ ಬರೂದಿಲ್ಲ." ಆಮೇಲೆ ಸೋದರಸೊಸೆಯ ಮುಖ ನೋಡಿ, "ರೊಟ್ಟಿ ಎಷ್ಟ ಕಟ್ಟಲಿ?" ಎಂದಳು.

---

ಮರುದಿನ ಮಧ್ಯಾಹ್ನ. ಇಬ್ಬರೂ ಅಂಗಳದಲ್ಲಿ ರೊಟ್ಟಿ ಒಣಹಾಕುತ್ತಿದ್ದರು. ಬಾಗಿಲಲ್ಲಿ ಟಾಂಗಾ ನಿಂತಿತು.

ಇಳಿದವನು ಸಾಯಬಣ್ಣ! ಕೋಟೆಲ್ಲ ಧೂಳು, ಮುಖದ ಮೇಲೆ ನಾಲ್ಕು ದಿನದ ಗಡ್ಡ.

"ಬಾಯಾರ..."

"ಬರಬ್ಯಾಡ್ರಿ ಒಳಗ!" ಕೈಯಲ್ಲಿದ್ದ ರೊಟ್ಟಿ ಚಟಕ್ಕನೆ ಎರಡಾಯಿತು. "ನನ್ನ ಹೆಸರ ಹೊಡದ ಹಾಕಿ, ಈಗ ರೊಕ್ಕ ತಿರುಗಿ ಕೊಡಾಕ ಬಂದೀರೇನು? ನನಗ ರೊಕ್ಕ ಬ್ಯಾಡ!"

"ರೊಕ್ಕ ತಂದಿಲ್ರಿ."

"ಮತ್ತ?"

"ಟಿಕೀಟ ತಂದೀನಿ."

ಅವನು ಹೊಸ್ತಿಲಾಚೆಯಿಂದಲೇ ಕೈ ಚಾಚಿದ. ನೀಲಿ ಟಿಕೀಟು. ಅದರ ಮೇಲೆ ಸ್ಪಷ್ಟವಾಗಿ: ಕಸ್ತೂರಬಾಯಿ. ಒಬ್ಬರು. ಹೆಂಗಸರ ಕೋಣೆ, ಮೇಲಿನ ಅಂತಸ್ತು.

ಅವಳು ಟಿಕೀಟು ತೆಗೆದುಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಆಗಸ್ಟಿನ್ಯಾಗ ಕಂಪನಿ ಹೊಸ ನಿಯಮ ಮಾಡಿತ್ರಿ," ಎಂದ ಸಾಯಬಣ್ಣ. "ಒಬ್ಬಾಕಿನಽ ಬರೂ ಹೆಣಮಗಳಿಗೆ ಗಂಡಂದಾಗಲಿ, ಮನಿ ಗಂಡಸಿಂದಾಗಲಿ ಸಹಿ ಬೇಕು ಅಂತ. ನಿಮ್ಮ ಅಣ್ಣಾರ ಕಡೆ ಹೋದೆ. ನೋಡೂಣು ಅಂದ್ರು. ಮುಂಬಯಿಗೆ ಮೂರು ಪತ್ರ ಬರದೆ. ಅವರೂ ನೋಡೂಣು ಅಂದ್ರು. ಅದಕ್ಕ ನಾನಽ ಹೋದೆ. ಎರಡು ದಿನ ಅವರ ಬಾಗಿಲ ಬಿಟ್ಟು ಕದಲಲಿಲ್ಲ."

"ಅವರಿಗೆ ಏನಂದ್ರಿ?"

"‘ಬಾಯಾರು ಮೇ ತಿಂಗಳಾಗ ಪೂರ್ತಿ ರೊಕ್ಕ ಕೊಟ್ಟಾರ. ಆವಾಗ ನಿಯಮ ಇರಲಿಲ್ಲ. ಮೊದಲ ಕೊಟ್ಟ ರೊಕ್ಕ ತಿರುಗಿ ಕೊಡೂದಿಲ್ಲ ಅಂತ ನೀವಽ ಛಾಪಿಸೀರಿ. ಕೊಡೂದಿಲ್ಲಂದ್ರ ಕರಕೊಂಡ ಹೋಗ್ರಿ!’ ಅಂದೆ." ಅವನು ತಲೆ ತಗ್ಗಿಸಿದ. "ದಸರಾ ಆದ ಮ್ಯಾಲ ಕೊಡಬೇಕಂತ ಬಂದ ಇಬ್ಬರು ಹೆಣಮಕ್ಕಳನ್ನ ಅವರು ತಿರುಗಿ ಕಳಿಸ್ಯಾರ. ಅವತ್ತ ನನ್ನ ಮಾತ ನೀವು ಕೇಳಿದ್ದರ ನಿಮಗೂ ಅದಽ ಆಗತಿತ್ತು. ನಾ ತಪ್ಪಿದ್ದೆ, ನಿಮ್ಮದಽ ಖರೆ."

ಹತ್ತು ವರ್ಷದಲ್ಲಿ ಯಾವ ಗಂಡಸೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಕಣ್ಣು ತುಂಬಿ ಬಂತು. ಆದರೂ ಅವಳು ಬಿಡಲಿಲ್ಲ.

"ನನಗೊಂದ ಮಾತ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಕೆಲಸ ಆಗೂತನಾ ನನ್ನ ಬಾಯಾಗ ಇದ್ದದ್ದು ಒಂದಽ ಮಾತು, ‘ನೋಡೂಣು’. ಅದನ್ನ ನಿಮಗ ಇನ್ನೊಮ್ಮೆ ಹ್ಯಾಂಗ ಹೇಳಲಿ?"

ಗುರುಲಿಂಗಮ್ಮ ಕೆಮ್ಮಿ, ನೀರು ತರುವ ನೆವದಲ್ಲಿ ಒಳಗೆ ಹೋದಳು. ಮುದುಕಿಗೆ ಎಲ್ಲ ತಿಳಿಯುತ್ತದೆ!

"ನಾ ಇಲ್ಲೆ ಅದೀನಿ ಅಂತ ಯಾರ ಹೇಳಿದರು?"

"ನಿಮ್ಮ ಅಣ್ಣಾರು. ಮೇ ತಿಂಗಳಾಗ ನಿಮ್ಮ ಹೆಸರ ತೆಗೀರಿ ಅಂತ ಬಂದಿದ್ರು. ‘ಪಾವತಿ ಬಾಯಾರ ಹೆಸರಿಲೆ ಅದ, ಅವರಽ ಬಂದ ಹೇಳಬೇಕು’ ಅಂದಿದ್ದೆ. ಇವತ್ತ ಟಿಕೀಟ ತೋರಿಸಿದಾಗ ಎರಡು ಸಲ ಓದಿ, ‘ರೊಕ್ಕ ನೀರಾಗ ಹೋಗೂದಕಿಂತ ತಂಗಿ ನೀರಿನ ಮ್ಯಾಲ ಹೋಗೂದು ಛಲೋ’ ಅಂದ್ರು."

ಕಸ್ತೂರಬಾಯಿ ಅಳುತ್ತಲೇ ನಕ್ಕುಬಿಟ್ಟಳು. ವ್ಯಾಪಾರಿಯ ಬಾಯಿಂದ ಇದಕ್ಕಿಂತ ದೊಡ್ಡ ಆಶೀರ್ವಾದ ಬರುವುದುಂಟೆ?

"ಇನ್ನೊಂದು..." ಸಾಯಬಣ್ಣನ ದನಿ ಇಳಿಯಿತು. "ಮುಂಬಯಿ ಆಫೀಸಿನ್ಯಾಗ ಒಬ್ಬಾವ ಅಂದ, ‘ಅಷ್ಟ ಯಾಕ ಬಡದಾಡತೀ, ನೀನಽ ಗಂಡ ಆಗಾಂವ ಅಂತ ಸಹಿ ಮಾಡಿಬಿಡು, ಕೆಲಸ ಆಗತದ’ ಅಂತ. ಮಾಡಲಿಲ್ರಿ."

"ಯಾಕ?"

"ನೀವು ‘ಒಬ್ಬಾಕಿ’ ಅಂತ ಬರಸೀರಿ. ಅದನ್ನ ನಾ ಕೆಡಸಬಾರದು. ಆದರ... ಆ ಸಹಿ ಮಾಡಬೇಕು ಅನ್ನೂ ಆಸೆ ನನಗ ಅದ. ಮೇ ಹದಿನಾಲ್ಕರಿಂದ ಅದ."

ಅಂಗಳದ ಬಿಸಿಲು, ಮುರಿದ ರೊಟ್ಟಿ... ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು.

"ಉಡಿಕಿ ಮಾಡಿಕೊಳ್ಳೂಣು ಅಂತ ಕೇಳಾಕ ಬಂದೀನ್ರಿ. ನಮ್ಮ ಮನ್ಯಾಗ ಯಾರು ಏನಂದರೂ ನಾ ಗಟ್ಟಿ. ಈಗಽ ಉತ್ತರ ಬ್ಯಾಡ. ಸಮುದ್ರ ನೋಡಿ ಬರ್ರಿ. ಆಮ್ಯಾಲ ಸಾವಕಾಶ... ನೋ..." ಎಂದವನು ನಾಲಿಗೆ ಕಚ್ಚಿಕೊಂಡ.

ಅವಳು ಹೊಸ್ತಿಲ ತನಕ ನಡೆದು ಬಂದಳು.

"ಏಜೆಂಟ ಸಾಹೇಬರ, ಮೊದಲ ಕೊಟ್ಟರ ಏನಾಗತದಂದ್ರಿ?"

"ತಿರುಗಿ ಸಿಗೂದಿಲ್ರಿ..."

"ಹಂಗಾದರ ಬರಕೊಳ್ರಿ. ‘ಹೂಂ’ ಅಂತ ಬರಕೊಳ್ರಿ. ಪೂರ್ತಿ ಕೊಟ್ಟೀನಿ, ಇವತ್ತಽ."

ಸಾಯಬಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಆದರ ಆಗಬೋಟಿಗೆ ನಾ ಒಬ್ಬಾಕಿನಽ ಹೋಗಾಕಿ," ಎಂದಳು ಅವಳು ಗದ್ದವೆತ್ತಿ.

"ಹೋಗ್ರಿ. ಬಂದರಿನ ತನಕ ಪೆಟಗಿ ಹೊತಗೊಂಡ ಬರತೀನಿ. ಅಲ್ಲೆ ಕಣ್ಣ ಮುಚಗೊಂಡ ನಿಂದರತೀನಿ."

"ಕಣ್ಣ ಯಾಕ ಮುಚಗೋತೀರಿ?"

"ಸಮುದ್ರ ಮೊದಲ ನೀವು ನೋಡ್ರಿ. ತಿರುಗಿ ಬಂದ ಮ್ಯಾಲ ನನಗ ತೋರಸ್ರಿ."

ಕಸ್ತೂರಬಾಯಿ ಮುರಿದ ರೊಟ್ಟಿಯ ಅರ್ಧವನ್ನು ಅವನ ಕೈಗಿತ್ತಳು.

"ಒಳಗ ಬರ್ರಿ," ಎಂದಳು. "ಊಟ ಮಾಡೂಣು."