ಹಂಡೆಯಲ್ಲಿ ಕಡಲು ಕಲಿತ ಪದುಮೆ

ಬಹಳ ಹಿಂದಿನ ಮಾತು. ಕಡಲಿನ ಮಗ್ಗುಲಲ್ಲೇ ಮುತ್ತಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಕಡಲಲ್ಲಿ ಮುಳುಗಿ ಮುತ್ತು ತೆಗೆದು ಬದುಕುತ್ತಿದ್ದರು. ಮುಳುಗುವವನ ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ಕುಳಿತ ಅವನ ಹೆಂಡತಿಯ ತಮ್ಮನ ಕೈಯಲ್ಲಿ. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅಕ್ಕನ ಸಂಸಾರ ಮುಳುಗಲಿ ಎಂದು ಯಾವ ತಮ್ಮ ತಾನೇ ಬಯಸುತ್ತಾನೆ, ಹೇಳಿ? ಕೆಳಗಿನಿಂದ ಮೂರು ಸಲ ಜಗ್ಗಿದರೆ ಸಾಕು, ಮೇಲಿದ್ದವನು ಯಾಕೆ, ಏನು ಎಂದು ಯೋಚಿಸದೆ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಳೆಯಬೇಕು. ಅದು ಅಲ್ಲಿಯ ಕಟ್ಟಳೆ.

ಆ ಕಡಲಿನ ತಳದಲ್ಲಿ ಕರಾಳಕನೆಂಬ ಮಾಂತ್ರಿಕನಿದ್ದ. ಒಂದು ವರ್ಷ ಮುತ್ತಿನ ಆಸೆಗೆ ಮುಳುಗುಗಾರರು ಅವನ ಎಲ್ಲೆಯವರೆಗೆ ಇಳಿದುಬಿಟ್ಟರು. ಅವನು ಅವರನ್ನೆಲ್ಲ ಹಿಡಿದು ಚಿಪ್ಪು ಮಾಡಿ ಮರಳಿನ ಮೇಲೆ ಸಾಲಾಗಿ ಇಟ್ಟುಕೊಂಡ. ಆ ರಾಜ್ಯದಲ್ಲೇ ಎಲ್ಲರಿಗಿಂತ ಆಳಕ್ಕೆ ಮುಳುಗುವ ಮಾಚಣ್ಣನೂ ಅವರಲ್ಲಿ ಒಬ್ಬ. ಅವನ ಹಗ್ಗ ಹಿಡಿದಿದ್ದ ಭಾವಮೈದುನ ಬೊಮ್ಮಣ್ಣ ಎಳೆದಾಗ ಕೈಗೆ ಬಂದದ್ದು ಬರಿಯ ಹಗ್ಗ. ಆಗ ಅಲೆಗಳೊಳಗಿಂದ ಒಂದು ದನಿ ಕೇಳಿತು.

"ನಿಮ್ಮ ಗಂಡಸರು ನನ್ನ ಹತ್ತಿರ ಚಿಪ್ಪಾಗಿ ಬಿದ್ದಿದ್ದಾರೆ. ಬರುವ ಸೀಗೆ ಹುಣ್ಣಿಮೆಯೊಳಗೆ ಯಾರಾದರೂ ನನ್ನ ಮೂರು ಬಾಗಿಲು ದಾಟಿ ಬಂದರೆ ಬಿಟ್ಟುಕೊಡುತ್ತೇನೆ. ಇಲ್ಲವಾದರೆ ಅವರು ಕೊನೆತನಕ ಚಿಪ್ಪೇ. ಆದರೆ ನೆನಪಿರಲಿ, ಬರುವವರು ಅದುವರೆಗೆ ಕಡಲಿಗೆ ಕಾಲನ್ನೂ ಅದ್ದಿರಬಾರದು!"

ಹೇಳಿ ಗಹಗಹಿಸಿ ನಕ್ಕ. ಕಡಲು ಗೊತ್ತಿದ್ದವರು ಬರುವಂತಿಲ್ಲ, ಬರಬಹುದಾದವರಿಗೆ ಕಡಲು ಗೊತ್ತಿಲ್ಲ. ಎಂಥ ಕುತಂತ್ರ ನೋಡಿ!

ಆ ಊರಿನಲ್ಲಿ ಕಡಲಿಗೆ ಕಾಲಿಡದ ಜೀವ ಒಂದೇ ಒಂದು, ಮಾಚಣ್ಣನ ಮಗಳು ಪದುಮೆ. ಹುಟ್ಟಿದಾಗಿನಿಂದ ಕೆಮ್ಮು ದಮ್ಮು ಎಂದು ತಾಯಿ ದೇವಕ್ಕ ಅವಳನ್ನು ಅಲೆಯ ಹತ್ತಿರಕ್ಕೂ ಬಿಟ್ಟಿರಲಿಲ್ಲ.

"ನಾನು ಹೋಗ್ತೀನಮ್ಮ," ಎಂದಳು ಪದುಮೆ.

ದೇವಕ್ಕ ಮೊದಲು ಗದರಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮರುದಿನ ಬೆಳಿಗ್ಗೆ ಬಚ್ಚಲ ಹಂಡೆಯನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದಳು.

"ನೀನು ಕಡಲಿಗೆ ಹೋಗೋ ಹಾಗಿಲ್ಲ ತಾನೇ? ಕಡಲೇ ನಮ್ಮ ಅಂಗಳಕ್ಕೆ ಬರಲಿ. ನಿಮ್ಮಪ್ಪ ಊಟಕ್ಕೆ ಕೂತಾಗ ಹೇಳಿದ್ದೆಲ್ಲ ನನಗೆ ನೆನಪಿದೆ."

ಬಾವಿಯ ನೀರು ಸೇದಿ ಹಂಡೆ ತುಂಬಿಸಿದರು. ದೇವಕ್ಕ ಒಂದು ಚೆಂಬಿನೊಳಗೆ ಬಟ್ಟೆ ತುರುಕಿ, ಬೋರಲು ಹಿಡಿದು ನೀರಿಗೆ ಒತ್ತಿ ಮೇಲೆತ್ತಿದಳು. ಬಟ್ಟೆ ಒಣಗಿಯೇ ಇತ್ತು. "ಚೆಂಬಿನೊಳಗೆ ಗಾಳಿ ಕೂತಿದೆ, ಅದು ಜಾಗ ಬಿಡಲ್ಲ," ಎಂದಳು. ಅದೇ ಚೆಂಬನ್ನು ಕಲ್ಲು ಕಟ್ಟಿ ಬಾವಿಯ ತಳಕ್ಕೆ ಇಳಿಸಿದಾಗ ಮಾತ್ರ ಬಟ್ಟೆಯ ಅಂಚು ಒದ್ದೆಯಾಗಿತ್ತು. ಯಾಕೆಂದು ತೋರಿಸಲು ಹಳೆಯ ಮಡಕೆಯೊಂದಕ್ಕೆ ಮೇಲಿಂದ ಕೆಳಗೆ ಮೂರು ತೂತು ಕೊರೆದಳು. ಮೇಲಿನ ತೂತಿನಿಂದ ನೀರು ಜಿನುಗಿತು, ನಡುವಿನದರಿಂದ ಹಾರಿತು, ತಳದ ತೂತಿನಿಂದ ಚಿಮ್ಮಿ ಪದುಮೆಯ ಮುಖಕ್ಕೇ ಬಡಿಯಿತು.

"ನೋಡಿದ್ಯಾ? ಕೆಳಗೆ ಹೋದಷ್ಟೂ ನೀರಿನ ಭಾರ ಜಾಸ್ತಿ."

ಇನ್ನೊಂದು ದಿನ ಅಡಿಗೆಮನೆಯ ಕದ, ಕಿಟಕಿ ಎಲ್ಲ ಮುಚ್ಚಿ ಕತ್ತಲೆ ಮಾಡಿದಳು. ಕತ್ತಲಲ್ಲಿ ಊದುಬತ್ತಿಯ ಕಿಡಿಯೊಂದು ಮಾತ್ರ ಆಡುತ್ತಿತ್ತು. ಪದುಮೆ ಅದರ ಹತ್ತಿರ ಹೋದಾಗಲೆಲ್ಲ ಅಮ್ಮ ಚಿವುಟುತ್ತಿದ್ದಳು. ತೋಳು ಕೆಂಪಾದ ಮೇಲೆ ಹುಡುಗಿಗೆ ಬುದ್ಧಿ ಬಂತು. "ತಳದಲ್ಲಿ ಬಿಸಿಲು ಇಲ್ಲ ಮಗಳೇ. ಅಲ್ಲಿ ಬೆಳಕು ಕಂಡರೆ ಯಾವುದೋ ಬಾಯಿ ತೆರೆದಿದೆ ಅಂತ ತಿಳ್ಕೋ."

ಮತ್ತೊಂದು ದಿನ ಮೊಟ್ಟೆಯ ಸರದಿ. ಸಿಹಿನೀರಲ್ಲಿ ಮುಳುಗಿದ ಮೊಟ್ಟೆ ಬೊಗಸೆಗಟ್ಟಲೆ ಉಪ್ಪು ಕದಡಿದ ಮೇಲೆ ತೇಲಿತು. ಆಮೇಲೆ ಬಾವಿಯ ತಳದವರೆಗೆ ಒಂದು ಸಪೂರ ಬಿದಿರ ಕೊಳವೆ ಇಳಿಸಿ ಊದಿದರು. ಗುಳ್ಳೆಗಳು ಮೇಲೇರುತ್ತ ಏರುತ್ತ ದೊಡ್ಡದಾಗಿ, ಬಂದು ಪಟ್ಟೆಂದು ಒಡೆದವು. "ಮೇಲೆ ಬರುವಾಗ ನಿನ್ನ ಎದೆಯೊಳಗಿನ ಗಾಳಿಯೂ ಹೀಗೇ. ಉಸಿರು ಕಟ್ಟಬೇಡ, ಬಿಡ್ತಾ ಬಾ. ಅವಸರ ಮಾಡಿದ್ಯೋ, ಕೆಟ್ಟೆ."

ಹುಣ್ಣಿಮೆಯ ಬೆಳಿಗ್ಗೆ ರಾಜ ಅರಮನೆಯ ಪಾಯಸದ ತಾಮ್ರದ ಕೊಪ್ಪರಿಗೆಯನ್ನು ಕಳಿಸಿಕೊಟ್ಟ. ಬಾಣಸಿಗ ಮಾತ್ರ ಮುಖ ಊದಿಸಿಕೊಂಡಿದ್ದ. ಕೊಪ್ಪರಿಗೆಯನ್ನು ಬೋರಲು ಮಾಡಿ, ಒಳಗೆ ಕೂರಲು ಹಲಗೆ ಬಿಗಿದು, ಅಂಚಿಗೆ ಕಲ್ಲು ಕಟ್ಟಿ, ನೆತ್ತಿಗೆ ಬೆಸೆದ ಬಳೆಗೆ ಜಾರುಗಂಟು ಹಾಕಿ ದೋಣಿಯ ಪಕ್ಕ ತೂಗುಬಿಟ್ಟರು. ದೇವಕ್ಕನೂ ದೋಣಿ ಹತ್ತಿದ್ದಳು. ಹಗ್ಗ ಬೊಮ್ಮಣ್ಣನ ಕೈಯಲ್ಲಿತ್ತು. ಭಾವನನ್ನು ಕಳೆದುಕೊಂಡ ದಿನದಿಂದ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ಪುಟ್ಟಿ, ಮೂರು ಸಲ ಜಗ್ಗು. ಆನೆ ಅಡ್ಡ ಬಂದರೂ ಎಳೀತೀನಿ," ಎಂದ.

"ಮೆಲ್ಲಗೆ ಎಳೀಬೇಕು ಮಾವ!" ಎಂದಳು ಪದುಮೆ. ಅವನ ಕಿವಿಗೆ ಅದು ಹೋಯಿತೋ ಇಲ್ಲವೋ.

ಅವಳು ಹಲಗೆಯ ಮೇಲೆ ಕುಳಿತಳು, ಕೊಪ್ಪರಿಗೆ ಇಳಿಯತೊಡಗಿತು. ನೀರು ಹಸಿರಾಯಿತು, ನೀಲಿಯಾಯಿತು, ಕಪ್ಪಾಯಿತು. ಮೊದಲ ಬಾಗಿಲು ಭಾರದ ಬಾಗಿಲು. ಕೊಪ್ಪರಿಗೆ ಕಿರುಗುಟ್ಟಿತು. ಪದುಮೆಯ ಕಿವಿಗಳಲ್ಲಿ ಸೂಜಿ ಚುಚ್ಚಿದಂತಾಯಿತು. ಪಾದದ ಕೆಳಗಿದ್ದ ನೀರು ಒಳಗೇ ಏರತೊಡಗಿತು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು.

"ಮುಳುಗುತ್ತಿದ್ದೀಯೆ ಕೂಸೇ, ಹಗ್ಗ ಜಗ್ಗು," ಎಂದಿತು ಕತ್ತಲೊಳಗಿನ ದನಿ.

ಪದುಮೆಗೆ ಅಳು ಬಂತು. ಆದರೂ ಬಾವಿಯ ತಳದಲ್ಲಿ ಚೆಂಬಿನೊಳಗಿನ ಬಟ್ಟೆ ಒದ್ದೆಯಾದದ್ದು ಅಂಚಿನಲ್ಲಿ ಮಾತ್ರ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಉಗುಳು ನುಂಗುತ್ತ ಕುಳಿತಳು. ಎದೆಯ ಹತ್ತಿರ ಬಂದ ನೀರು ಅಲ್ಲೇ ನಿಂತಿತು. ಬಾಗಿಲು ತೆರೆಯಿತು.

ಎರಡನೆಯದು ಬೆಳಕಿನ ಬಾಗಿಲು. ಎದುರಿಗೆ ಎರಡು ದಾರಿ. ಒಂದರಲ್ಲಿ ಹೊಂಬಣ್ಣದ ದೀಪವೊಂದು ಮೆಲ್ಲಗೆ ತೂಗುತ್ತಿತ್ತು. ಇನ್ನೊಂದರಲ್ಲಿ ಏನೂ ಕಾಣದು. ದೀಪದ ಹಿಂದಿನಿಂದ ಒಂದು ದನಿ ಕರೆಯಿತು, "ಪದುಮೆ, ಇಲ್ಲಿದ್ದೀನಿ ಮಗಾ!"

ಅದು ಅಪ್ಪನ ದನಿಯೇ. ಎಷ್ಟು ದಿನವಾಗಿತ್ತು ಆ ದನಿ ಕೇಳಿ! ಅವಳ ಕೈ ತಾನಾಗಿ ಚಾಚಿತು. ತೋಳಿನ ಮೇಲೆ ಅಮ್ಮ ಚಿವುಟಿದ ಜಾಗ ಚುರ್ ಎಂದಿತು. ಬಿಕ್ಕುತ್ತಲೇ ಕೊಪ್ಪರಿಗೆಯನ್ನು ಕತ್ತಲ ದಾರಿಯ ಕಡೆಗೆ ತಳ್ಳಿಕೊಂಡು ಹೋದಳು. ಹಿಂದೆ ಮನೆಯಷ್ಟು ದೊಡ್ಡ ಮೀನೊಂದು ಹಲ್ಲುಗಳನ್ನು ಲಟಲಟನೆ ಕಡಿದು, ಹಣೆಯ ದೀಪ ಆರಿಸಿಕೊಂಡು ಹೊರಟುಹೋಯಿತು.

ಮೂರನೆಯದು ಉಪ್ಪಿನ ಬಾಗಿಲು. ಕಡಲಿನ ತಳದಲ್ಲಿ ಇನ್ನೊಂದು ಕೆರೆ! ಅದಕ್ಕೆ ತನ್ನದೇ ದಡ, ತನ್ನದೇ ಅಲೆ. ದಡದ ತುಂಬ ಸತ್ತ ಮೀನು, ಸತ್ತ ಏಡಿ. ಆಚೆ ದಡದಲ್ಲಿ ಚಿಪ್ಪುಗಳ ಸಾಲು.

"ಹಾರು, ಈಜಿಕೊಂಡು ಬಾ," ಎಂದಿತು ದನಿ.

ಉಪ್ಪುನೀರಲ್ಲಿ ತೇಲಿದ ಮೊಟ್ಟೆಯನ್ನು ನೆನೆದು ಪದುಮೆ ಹಾರಲಿಲ್ಲ. ಕೊಪ್ಪರಿಗೆಯನ್ನು ಮೆತ್ತಗೆ ಕೆರೆಯ ಮೇಲೆ ಕೂರಿಸಿದಳು. ಕಲ್ಲು ಕಟ್ಟಿದ ಕೊಪ್ಪರಿಗೆ ಮುಳುಗದೆ ಹರಿಗೋಲಿನಂತೆ ತೇಲಿತು. ಕಾಲು ಮೇಲೆತ್ತಿಕೊಂಡು, ಕುಳಿತ ಹಲಗೆಯ ತುಂಡೊಂದನ್ನು ಮುರಿದು ಹುಟ್ಟು ಹಾಕುತ್ತ ಆಚೆ ದಡ ಮುಟ್ಟಿದಳು.

ಅಲ್ಲಿ ಕರಾಳಕ ಕಾದಿದ್ದ. ಅವನ ಮೈಯಲ್ಲಿ ಮೂಳೆಯೇ ಇರಲಿಲ್ಲ. ಮೇಲಿದ್ದ ನೀರೆಲ್ಲ ನಾಲ್ಕೂ ಕಡೆಯಿಂದ ಒತ್ತಿ ಹಿಡಿದು ಅವನಿಗೊಂದು ಆಕಾರ ಕೊಟ್ಟಿತ್ತು.

"ಮೂರು ಬಾಗಿಲು ದಾಟಿದ್ದೀನಿ. ಮಾತಿನಂತೆ ನಮ್ಮವರನ್ನು ಬಿಡು," ಎಂದಳು ಪದುಮೆ.

"ಬಿಡುತ್ತೇನೆ ಎಂದೆ. ನಿನ್ನ ಉಸಿರು ಇರುವಾಗಲೇ ಬಿಡುತ್ತೇನೆ ಎಂದೆನೇ?" ಎಂದು ಕರಾಳಕ ಹಲ್ಲು ಕಿರಿದ. "ನಿಮ್ಮ ಜನರ ಬುದ್ಧಿ ನನಗೆ ಗೊತ್ತಿಲ್ಲವೇ? ಮೂರು ಸಲ ಜಗ್ಗಿದರೆ ಮೇಲಿನ ದಡ್ಡ ಕೊಪ್ಪರಿಗೆಯನ್ನು ಎಳೆದುಕೊಳ್ಳುತ್ತಾನೆ. ನೀನು ಬುರ್ರನೆ ಮೇಲೆ ಹಾರಿ ಎದೆಯೊಡೆದು ಸಾಯಿ, ಇಲ್ಲವೇ ಇಲ್ಲೇ ಗಾಳಿಯಿಲ್ಲದೆ ಸಾಯಿ. ಯಾವುದು ಬೇಕು ನೀನೇ ಆರಿಸಿಕೋ."

ಹಾಗೆಂದವನೇ ಹಗ್ಗವನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡ. ಒಂದು ಸಲ ಜಗ್ಗಿದ.

ಮಾವ ಯೋಚಿಸುವುದಿಲ್ಲ, ಎಳೆದೇ ಬಿಡುತ್ತಾನೆ. ಅವಳು ಉಸಿರೆಳೆದುಕೊಂಡು ಕೊಪ್ಪರಿಗೆಯಿಂದ ಹೊರಕ್ಕೆ ನುಸುಳಿದಳು. ನೀರು ಹಿಮದಷ್ಟು ತಣ್ಣಗಿತ್ತು. ಕರಾಳಕ ಎರಡನೆಯ ಸಲ ಜಗ್ಗಿದ. ಅವಳು ತಾಮ್ರದ ಬೆನ್ನ ಮೇಲೆ ತಡಕಾಡಿದಳು. ಬಳೆ ಸಿಕ್ಕಿತು, ಗಂಟು ಸಿಕ್ಕಿತು, ಬೆರಳು ಮರಗಟ್ಟಿ ಗಂಟಿನ ತುದಿ ಸಿಗಲಿಲ್ಲ. ಕೆಮ್ಮು ಗಂಟಲಿಗೆ ಬಂತು. ಹಲ್ಲಿನಿಂದ ಕಚ್ಚಿ ಎಳೆದಳು. ಜಾರುಗಂಟು ಸರ್ರನೆ ಬಿಚ್ಚಿತು. ಆಗಲೇ ಕರಾಳಕ ಮೂರನೆಯ ಸಲ ಜಗ್ಗಿದ.

ಮೇಲೆ ಬೊಮ್ಮಣ್ಣ ಕಟ್ಟಳೆಯಂತೆ ಏನೂ ಯೋಚಿಸಲಿಲ್ಲ. ದೋಣಿಗೆ ಕಾಲು ಒದೆಗೊಟ್ಟು ಎಳೆದ. ಅಂಥ ಎಳೆತವನ್ನು ಆ ರಾಜ್ಯದಲ್ಲಿ ಯಾರೂ ಎಳೆದಿರಲಿಲ್ಲ. ಹಗ್ಗದ ತುದಿಗೆ ಕೊಪ್ಪರಿಗೆ ಇರಲಿಲ್ಲ, ಕರಾಳಕನಿದ್ದ. ಸುತ್ತಿದ ಹಗ್ಗ ಬಿಚ್ಚಿಕೊಳ್ಳಲು ಅವನಿಗೆ ಪುರಸೊತ್ತಾಗಲಿಲ್ಲ. ಕಪ್ಪು ನೀರು ದಾಟುವಾಗ ಕುಂಬಳದಷ್ಟು ಉಬ್ಬಿದ, ನೀಲಿ ನೀರಿನಲ್ಲಿ ಕಣಜದಷ್ಟಾದ, ಹಸಿರು ನೀರಿಗೆ ಬರುವಾಗ ಬಿರಿದೇ ಹೋದ. ಅಲ್ಲಿಗೆ ಅವನ ಕತೆ ಮುಗಿಯಿತು.

ಕೆಳಗೆ ಪದುಮೆ ಹೇಗೋ ಕೊಪ್ಪರಿಗೆಯೊಳಗೆ ತೂರಿಕೊಂಡಿದ್ದಳು. ಹಗ್ಗವಿಲ್ಲ, ಮೇಲೆತ್ತುವವರಿಲ್ಲ. ಗಾಳಿ ಮುಗಿಯುತ್ತ ಬಂದು ಕಣ್ಣು ಮಂಜಾಗುತ್ತಿತ್ತು. ಅಮ್ಮ, ಇನ್ನು ಆಗುವುದಿಲ್ಲ ಎಂದುಕೊಂಡಳು. ಆಗ ಹೊರಗೆ ಟಕ್ ಎಂದಿತು. ಮತ್ತೆ ಟಕ್, ಟಕ್ ಟಕ್. ಚಿಪ್ಪುಗಳೆಲ್ಲ ಬಾಯಿ ತೆರೆದು ಮುಳುಗುಗಾರರು ಎದ್ದು ನಿಂತರು. ಮಾಯೆ ಇನ್ನೂ ಪೂರ್ತಿ ಇಳಿದಿರದ ಕಾರಣ ಅವರಿಗೆ ಉಸಿರು ಬೇಕಾಗಿರಲಿಲ್ಲ. ಕೊಪ್ಪರಿಗೆಯ ಅಂಚಿನಿಂದ ಒಂದು ತಲೆ ಒಳಕ್ಕೆ ಬಂತು. ಅಪ್ಪ!

ಮಾಚಣ್ಣ ಮಗಳ ನೀಲಿಗಟ್ಟಿದ ತುಟಿ ನೋಡಿ ಹೌಹಾರಿದ. "ಎತ್ರೋ, ಬೇಗ ಎತ್ರೋ!" ಎಂದು ಕೂಗಿದ.

"ಬೇಡಪ್ಪ, ಮೆಲ್ಲಗೆ," ಎಂದಳು ಪದುಮೆ, ಕಷ್ಟಪಟ್ಟು. "ಅವಸರ ಮಾಡಿದ್ರೆ ಸತ್ತುಹೋಗ್ತೀನಿ."

ಆ ರಾಜ್ಯದ ಎಲ್ಲರಿಗಿಂತ ಆಳಕ್ಕೆ ಮುಳುಗಿದವನು ಮಗಳ ಮುಖ ನೋಡಿದ. ಕಲ್ಲುಗಳನ್ನು ಒಂದೊಂದಾಗಿ ಬಿಚ್ಚುತ್ತ, ನಿಲ್ಲುತ್ತ, ಮತ್ತೆ ಏರುತ್ತ ಎಲ್ಲರೂ ಕೊಪ್ಪರಿಗೆಯನ್ನು ಹೊತ್ತು ತಂದರು. ಪದುಮೆ ದಾರಿಯುದ್ದಕ್ಕೂ ಉಸಿರು ಬಿಡುತ್ತಲೇ ಬಂದಳು.

ದೋಣಿಯಲ್ಲಿ ಬೊಮ್ಮಣ್ಣ ಬರಿದಾಗಿ ಬಂದ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದ. "ಅಕ್ಕ, ಇವಳನ್ನೂ ಕಳೆದೆ, ನನ್ನನ್ನು ನೀರಿಗೆ ನೂಕಿಬಿಡು!" ಎನ್ನುತ್ತಿದ್ದ. ದೇವಕ್ಕ ಕಲ್ಲಿನಂತೆ ಕುಳಿತು ನೀರನ್ನೇ ನೋಡುತ್ತಿದ್ದಳು. ಮೊದಲು ಗುಳ್ಳೆಗಳು ಬಂದವು, ಆಮೇಲೆ ತಾಮ್ರ ಹೊಳೆಯಿತು, ಆಮೇಲೆ ಗಂಡನ ತಲೆ, ಅವನ ಹೆಗಲ ಮೇಲೆ ಮಗಳು. ಪದುಮೆ ಕೆಮ್ಮಿದಳು. ಆ ಕೆಮ್ಮು ಕೇಳಿ ದೇವಕ್ಕ ನಗುತ್ತ ಅಳುತ್ತ ಇಬ್ಬರನ್ನೂ ಒಟ್ಟಿಗೇ ಬಾಚಿ ತಬ್ಬಿಕೊಂಡಳು, ದೋಣಿ ಮಗುಚುವುದೊಂದು ಬಾಕಿ.

ಮುತ್ತಿನಗಿರಿಯಲ್ಲಿ ಆ ದಿನ ಒಲೆ ಹಚ್ಚದ ಮನೆಯಿಲ್ಲ, ಉಪವಾಸ ಮಲಗಿದ ಜೀವವಿಲ್ಲ. ಹೋದವರೆಲ್ಲ ಮನೆಗೆ ಬಂದರು, ಬಂದವರೆಲ್ಲ ನೂರ್ಕಾಲ ಬಾಳಿದರು. ಬೊಮ್ಮಣ್ಣ ಮಾತ್ರ ಅಕ್ಕನ ಮಗಳ ಕೈಯನ್ನು ಹಿಡಿದವನು ಅವಳು ಉಂಡು ಮಲಗಿ ನಿದ್ದೆ ಹೋಗುವವರೆಗೂ ಬಿಡಲಿಲ್ಲ.