ಪೊಲೀಸರಿಲ್ಲದ ದಾರಿ

ಕನ್ನಡಿಯಲ್ಲಿ ನೀಲಿ ದೀಪ ಮಿನುಗಿದ್ದೇ ತಡ, ಕೊರೀನಾ ವೇಗ ಇಳಿಸಿದಳು.

ಕಾರು ಬದಿಗೆ ಹಾಕಿದಳು. ಹತ್ತಿರ ಬಂದ ಪೊಲೀಸಿನವನು ಎತ್ತರದ ಆಳು. ಟೋಪಿಯ ಅಂಚಿನ ಕೆಳಗೆ ದಣಿದ ಕಣ್ಣುಗಳು.

"ಎಷ್ಟು ಸ್ಪೀಡಲ್ಲಿ ಬಂದ್ರಿ ಗೊತ್ತಾ ಮೇಡಂ?"

"ನಮ್ಮ ಕಡೆ ಎಲ್ಲರೂ ಹೋಗೋ ಸ್ಪೀಡಲ್ಲೇ."

"ನಿಮ್ಮ ಕಡೆ ಆ ಗುಡ್ಡದ ಹಿಂದೇನೇ ಮುಗೀತು. ಇದು ವರ್ಜೀನಿಯಾ. ಐವತ್ತೈದು ಮೈಲಿಯ ರಸ್ತೇಲಿ ಎಪ್ಪತ್ತಾರು. ಮಿತಿ ಮೇಲೆ ಇಪ್ಪತ್ತು ಮೈಲಿ ಆದ್ರೆ ಇಲ್ಲಿ ಬರೀ ದಂಡ ಅಲ್ಲ, ಕ್ರಿಮಿನಲ್ ಕೇಸು."

ವಾರವಿಡೀ ಕೊರೀನಾ ಪಕ್ಕದ ರಾಜ್ಯವಾದ ವೆಸ್ಟ್ ವರ್ಜೀನಿಯಾದ ಬೆಟ್ಟದೂರುಗಳ ಮಕ್ಕಳನ್ನು ಶಾಲೆಗೆ ಬಿಡುವ ಹಳದಿ ಬಸ್ಸಿನ ಡ್ರೈವರ್. ಆಮೆಗೇ ಬೇಸರ ಬರುವಷ್ಟು ನಿಧಾನದ ಕೆಲಸ. ಭಾನುವಾರ ಮಾತ್ರ ಎರಡು ಸೀಟಿನ ಹಳೆಯ ಮಿಯಾಟಾ ಕಾರು, ಚಾವಣಿ ತೆರೆದರೆ ತಲೆಯ ಮೇಲೆ ಬಯಲು, ತಿರುವಿನ ಮೇಲೆ ತಿರುವು. ಕೇಸು ಬಿದ್ದರೆ ಬಸ್ಸೂ ಇಲ್ಲ, ಸಂಬಳವೂ ಇಲ್ಲ.

"ನಾನು ಸ್ಕೂಲ್ ಬಸ್ ಓಡಿಸ್ತೀನಿ..." ಎಂದಳು.

ಅವನು ದಂಡದ ಚೀಟಿಪುಸ್ತಕ ತೆಗೆದ. "ಎಪ್ಪತ್ತನಾಲ್ಕು ಅಂತ ಬರೀತೀನಿ. ದಂಡ ಕಟ್ಟಿದ್ರೆ ಮುಗೀತು. ಮಕ್ಕಳು ಕೂತಾಗಲೂ ಹೀಗೇ ಓಡಿಸ್ತೀರಾ?"

"ನನ್ನ ಬಸ್ಸಲ್ಲಿ ಮಕ್ಕಳ ಕೈಲಿರೋ ಹಾಲೂ ತುಳುಕಲ್ಲ ಸಾರ್."

ಅವನು ನಕ್ಕುಬಿಟ್ಟ. ದಂಡ ಹಾಕಿದವನ ನಗು ಕಂಡು ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪ್ರೀತಿಗೆ ಹುಟ್ಟಲು ಎಂಥೆಂಥ ಜಾಗ ಸಿಗುತ್ತದೋ ನೋಡಿ!

ಅವನ ಹೆಸರು ಗ್ರೇಡಿ. ಕೆಲವು ವಾರಗಳ ನಂತರ ವೆಸ್ಟ್ ವರ್ಜೀನಿಯಾದ ಪೆಟ್ರೋಲ್ ಬಂಕಿನಲ್ಲಿ ಮತ್ತೆ ಸಿಕ್ಕ. ಸಮವಸ್ತ್ರ ಇರಲಿಲ್ಲ, ಪಕ್ಕದಲ್ಲಿ ಹಳೆಯ ಬೈಕಿತ್ತು.

"ಓಹೋ, ಪೊಲೀಸಪ್ಪನಿಗೂ ನಮ್ಮ ರಸ್ತೆಗಳೇ ಬೇಕಾ?"

"ನನ್ನ ರಾಜ್ಯದಲ್ಲಿ ನನ್ನನ್ನ ನಾನೇ ಹಿಡೀಬೇಕಾಗುತ್ತೆ" ಎಂದ.

ಅಂದಿನಿಂದ ಭಾನುವಾರಗಳು ಇಬ್ಬರದಾದವು. ಮಿಯಾಟಾದಲ್ಲಿ ಕೂತು, ಮಾಂಸ ತುಂಬಿದ ಬನ್ನಿನಂಥ ಪೆಪ್ಪರೋನಿ ರೋಲ್ ತಿನ್ನುತ್ತ ದೇಶದ ದಾರಿಗಳನ್ನೆಲ್ಲ ತೂಗುತ್ತಿದ್ದರು.

"ಒಹಾಯೋ?" ಅವನು ಕೇಳುತ್ತಿದ್ದ.

"ರಸ್ತೆ ಗೆರೆ ಎಳೆದ ಹಾಗೆ ನೇರ. ಪೊದೆಗೊಬ್ಬ ಪೊಲೀಸು."

"ಮೊಂಟಾನಾ?"

"ಕೇಳೋರಿಲ್ಲ. ಆದ್ರೆ ಒಂದು ತಿರುವು ನೋಡೋಕೆ ಬುತ್ತಿ ಕಟ್ಕೊಂಡು ಹೋಗ್ಬೇಕು."

"ವರ್ಜೀನಿಯಾ?"

"ದಾರಿ ಸ್ವರ್ಗ. ಬಾಗಿಲು ಕಾಯೋರು ಮಾತ್ರ ನಿನ್ನಂಥೋರು."

ಒಂದು ದಿನ ಕೊರೀನಾ ಕಾರಿನ ಹುಚ್ಚಿನ ತನ್ನ ಗುಂಪಿನ ಗುಟ್ಟಿನ ದಾರಿಗೂ ಅವನನ್ನು ಕರೆದೊಯ್ದಳು. ಅವಳು, ತಮ್ಮ ಡ್ವೇನ್, ಇನ್ನೊಂದಿಷ್ಟು ಗೆಳೆಯರು ಮಾತ್ರ ಬಲ್ಲ, ಪೊಲೀಸರು ಸುಳಿಯದ ದಾರಿ ಅದು. ಗುಂಪಿನ ಕಟ್ಟಳೆ ಒಂದೇ: ಆ ದಾರಿಯ ಹೆಸರನ್ನು ಹೊರಗೆ ಎತ್ತುವಂತಿಲ್ಲ.

ಮುಂದಿನ ತಿಂಗಳೇ ಆ ದಾರಿಯಲ್ಲಿ ಊರಿನ ಪೊಲೀಸರು ವೇಗ ಅಳೆಯುವ ರೇಡಾರ್ ಹಿಡಿದು ಕಾದಿದ್ದರು. ಐದು ಜನ ಸಿಕ್ಕಿಬಿದ್ದರು. ಅವರಲ್ಲಿ ಡ್ವೇನ್ ಒಬ್ಬ. ಅವನದು ಮೊದಲ ತಪ್ಪೂ ಅಲ್ಲ, ಲೈಸೆನ್ಸ್ ಹೋಯಿತು. ಮರದ ದಿಮ್ಮಿ ಸಾಗಿಸುವ ಲಾರಿಯೇ ಅವನ ಅನ್ನ.

"ಅಕ್ಕಾ, ನಿನ್ನ ಪೊಲೀಸಿನವನೇ ಹೇಳಿರೋದು. ಅವನನ್ನ ಅಲ್ಲಿಗೆ ಕರ್ಕೊಂಡು ಹೋದವಳು ನೀನು."

ಕೊರೀನಾ ಅಂದೇ ಗಡಿ ದಾಟಿ ಹೋದಳು. "ನೀನೇ ತಾನೇ ಹೇಳಿದ್ದು?"

ಗ್ರೇಡಿ ಹೌದು ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

"ನಂಬಿದ್ದೆ ಕಣೋ ನಿನ್ನ... ಇನ್ಮೇಲೆ ಮುಖ ತೋರಿಸ್ಬೇಡ."

ಆಮೇಲಿನ ಭಾನುವಾರಗಳಲ್ಲಿ ಮಿಯಾಟಾ ಶೆಡ್ಡಿನಲ್ಲೇ ನಿಂತಿತು. ಇಲ್ಲ ಅಂತ ಒಂದು ಮಾತು ಹೇಳಿದ್ದರೆ ನಾನು ನಂಬುತ್ತಿದ್ದೆನಲ್ಲ... ಅದೇ ಯೋಚನೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಗಂಟು ಬಿಚ್ಚಿದ್ದು ಊರಿನ ಹೋಟೆಲಿನಲ್ಲಿ. ಡ್ವೇನ್‌ನನ್ನು ಹಿಡಿದ ಮುದಿ ಪೊಲೀಸ್ ಹಾರ್ಲನ್ ಪಕ್ಕದ ಮೇಜಿನಲ್ಲಿ ತಿಂಡಿ ತಿನ್ನುತ್ತಿದ್ದ.

"ಅಲ್ಲಮ್ಮ, ನಮ್ಮ ಮೇಲೆ ಯಾಕೆ ಮುನಿಸು? ಕಾರಿನ ಹುಚ್ಚರ ಆ ಇಂಟರ್ನೆಟ್ ಹರಟೆಕಟ್ಟೇಲಿ ನೀನೇ ಡಂಗುರ ಹೊಡೆದಿದ್ದೆ. ಕಬ್ಬಿಣದ ಸೇತುವೆ ದಾಟಿದ ಮೇಲೆ ಬಿಳಿ ಚರ್ಚಿನವರೆಗೆ ಪೊಲೀಸರ ನೆರಳೂ ಇಲ್ಲ ಅಂತ. ನಾವೂ ಅದನ್ನ ಓದ್ತೀವಮ್ಮ."

ಕೊರೀನಾ ಚಮಚ ಕೆಳಗಿಟ್ಟಳು. ಹೌದು... ಟೆನೆಸ್ಸೀಯವನೊಬ್ಬ ತನ್ನ ರಾಜ್ಯದ ದಾರಿಗಳೇ ಮೇಲೆಂದು ಕೊಚ್ಚಿಕೊಂಡಾಗ ಊರಿನ ಅಭಿಮಾನ ಕೆರಳಿ ಬರೆದಿದ್ದಳು. ದಾರಿಯ ಹೆಸರು ಬರೆದಿಲ್ಲವಲ್ಲ, ಕಟ್ಟಳೆ ಮುರಿದಿಲ್ಲ ಎಂದುಕೊಂಡಿದ್ದಳು. ಆದರೆ ಆ ಸೇತುವೆ, ಆ ಚರ್ಚು ಎಲ್ಲಿವೆಯೆಂದು ಊರಿನ ದನಗಳಿಗೂ ಗೊತ್ತು.

"ಡ್ವೇನ್ ಸಿಕ್ಕಿಬಿದ್ದ ಕೂಡಲೇ ಆ ವರ್ಜೀನಿಯಾದ ಹುಡುಗ ಬಂದು ಕೇಳಿದ್ದ, ಅವನಿಗೂ ಹೇಳಿದ್ದೆ" ಎಂದ ಹಾರ್ಲನ್. "ಅವಳ ಹೆಸರು ಯಾರ ಹತ್ರನೂ ಎತ್ತಬೇಡಿ ಅಂತ ಕೈ ಹಿಡ್ಕೊಂಡ. ಇಷ್ಟು ದಿನ ಸುಮ್ಮನಿದ್ದೆ. ನೀನು ಹೀಗೆ ಸೊರಗೋದು ನೋಡೋಕಾಗ್ಲಿಲ್ಲ."

ತಾನು ಗ್ರೇಡಿಗೆ ಅಂದಿದ್ದನ್ನು ನೆನೆದು ಕೊರೀನಾ ಅಲ್ಲೇ ಅತ್ತಳು.

ಆದರೆ ನೇರ ಅವನ ಬಳಿಗೆ ಹೋಗಲಿಲ್ಲ. ಮೊದಲು ಗುಂಪಿನವರ ಮುಂದೆ, ಆಮೇಲೆ ತಮ್ಮನ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಗಡಿ ದಾಟಿದ್ದು ಅದಾದ ಮೇಲೆ.

ಗ್ರೇಡಿ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಅವಳನ್ನು ಕಂಡು ಕೊಡಲಿ ಕೆಳಗಿಟ್ಟ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ತಮ್ಮನ ಅನ್ನಕ್ಕೆ ನಾನೇ ಕಲ್ಲು ಹಾಕ್ದೆ ಅಂತ ನೀನು ಕೊರಗ್ತಿದ್ದೆ. ಪೊಲೀಸಿನವನನ್ನ ಬೈಯೋದು ಜನಕ್ಕೆ ರೂಢಿ. ಇನ್ನೊಂದು ಬೈಗುಳ ಭಾರ ಆಗಲ್ಲ ಅಂದ್ಕೊಂಡೆ."

"ಆಗ್ಲಿಲ್ವಾ?"

"ಅವರದ್ದು ಆಗ್ಲಿಲ್ಲ. ನಿನ್ನದು ಆಯ್ತು."

ಅವಳ ಕಣ್ಣು ತುಂಬಿತು. "ತಪ್ಪಾಯ್ತು ಗ್ರೇಡಿ. ಎಲ್ಲರಿಗೂ ಹೇಳ್ಬಿಟ್ಟೆ. ಡ್ವೇನ್ ಊಟದ ಮಧ್ಯ ಎದ್ದು ಹೋದ. ಇನ್ನೂ ಮಾತಾಡಿಲ್ಲ."

"ಯಾಕೆ ಹೇಳ್ದೆ? ನನ್ನ ತಲೆ ಮೇಲೇ ಇರ್ಲಿ ಅಂತ ಬಿಟ್ಟಿದ್ದೆನಲ್ಲ."

"ನಿನ್ನನ್ನ ನಮ್ಮ ಮನೆಗೆ ಕರ್ಕೊಂಡು ಹೋಗ್ಬೇಕು. ಕಳ್ಳನ ಥರ ಹಿತ್ತಿಲ ಬಾಗಿಲಿಂದ ಕರ್ಕೊಂಡು ಹೋಗ್ಲಾ?"

ಅವನು ಅವಳ ಕೈ ಹಿಡಿದ.

"ಡ್ವೇನ್ ಬಾಗಿಲು ತೆಗೀದಿದ್ರೆ?"

"ಹೊರಗೆ ಮೆಟ್ಟಿಲ ಮೇಲೆ ಕೂರೋಣ."

"ಎಷ್ಟು ಹೊತ್ತು?"

"ಅವನು ತೆಗೆಯೋತನಕ. ನಂಗೇನೂ ಅವಸರ ಇಲ್ಲ. ನಿಂಗೆ?"